ಚಕ್ರಕ್ಕಿಡುವ ಕಲ್ಲು

ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ಈಗ ಸುಮ್ಮನಾಗುತ್ತದೆ ನೋಡು, ಹಾಂ, ಸುಮ್ಮನಾಯಿತು, ಈ ಪಿಕಪ್ಪಿನ ಕೆಮ್ಮು ನನಗೆ ನನ್ನ ಉಸಿರಿಗಿಂತ ಚೆನ್ನಾಗಿ ಗೊತ್ತು, ಮೊದಲು ಒಣಕೆಮ್ಮು, ಆಮೇಲೆ ಗಂಟಲಲ್ಲಿ ಗೊರಗೊರ, ಆಮೇಲೆ ಬಾನೆಟ್ಟಿನ ಸಂದಿಯಿಂದ ಒಂದೆಳೆ ಹೊಗೆ, ಆ ಹೊಗೆಯ ಎದುರು ಕೈಕಟ್ಟಿ ನಿಂತ ಇವರು, ನನ್ನ ಯಜಮಾನರು, ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ಮುಖ ಮಾಡಿಕೊಂಡು, ಏನಂತೆ ಡಾಕ್ಟ್ರೇ, ಏನಂತೆ — ಮೆಕ್ಯಾನಿಕ್ಕನ್ನು ಡಾಕ್ಟರ್ ಎನ್ನುತ್ತಾರೆ ಇವರು, ಡಾಕ್ಟರಂತೆ ಡಾಕ್ಟರು, ಒಂದು ಕಡೆ ಬಿಗಿ ಮಾಡಿ ಇನ್ನೊಂದು ಕಡೆ ಸಡಿಲ ಬಿಡುವುದರಲ್ಲಿ ಎತ್ತಿದ ಕೈ, ರೇಡಿಯೇಟರ್ ಸರಿಮಾಡಿಸಿದರೆ ಕ್ಲಚ್ಚು, ಕ್ಲಚ್ಚು ಸರಿಮಾಡಿಸಿದರೆ ಡೈನಮೊ, ಈ ಶೆಡ್ಡು ದಾಟುವ ಮೊದಲೇ ಮುಂದಿನ ಕಾಯಿಲೆ ಬಂದು ಸೀಟಿನ ಮೇಲೆ ಕೂತಿರುತ್ತದೆ. ಚಿಕ್ಕದೇ ಅಣ್ಣ, ಚಿಕ್ಕದೇ, ಈಗ ಆಗೋಗುತ್ತೆ — ಬಾನೆಟ್ಟಿನೊಳಗಿಂದ ಬರುವ ಆ ದನಿ, ಮುಖ ಕಾಣುವುದಿಲ್ಲ, ಎಣ್ಣೆ ಹತ್ತಿದ ಬೆನ್ನು ಮಾತ್ರ, ಇವನ ಬಾಯಲ್ಲಿ ದೊಡ್ಡದು ಅನ್ನುವ ಮಾತು ಬಂದಿದ್ದೇ ಇಲ್ಲ, ನಾಳೆ ಎಂಜಿನ್ನೇ ಕಳಚಿ ರಸ್ತೆಗೆ ಬಿದ್ದರೂ ಚಿಕ್ಕದೇ ಅಣ್ಣ ಅನ್ನುತ್ತಾನೆ, ಇವರು ತಲೆಯಾಡಿಸುತ್ತಾರೆ, ಅವನು ಕಿವಿಗೆ ಹೂವಿಡುತ್ತಾನೆ, ಇವರು ಕಿವಿ ತೋರಿಸುತ್ತಾರೆ. ನಾನು ಗೋಡೆಗೆ ಆನಿಸಿಟ್ಟ ಯಾವುದೋ ವ್ಯಾನಿನ ಹರಿದ ಸೀಟಿನ ಮೇಲೆ ಕೂತಿದ್ದೇನೆ, ಸ್ಪ್ರಿಂಗು ಚುಚ್ಚುತ್ತಿದೆ, ಕಾಲ ಬಳಿ ಕಲ್ಲಿದೆ. ಇವತ್ತಿಗೆ ಇದರ ಕೆಲಸ ಮುಗಿಯಿತು, ಇವತ್ತು ಇದನ್ನು ಇಲ್ಲೇ ಬಿಟ್ಟುಹೋಗುತ್ತೇನೆ, ತಿರುಗಿಯೂ ನೋಡುವುದಿಲ್ಲ.

ಮೂರು ಮೂಲೆಯ ಕಲ್ಲು, ಒಂದು ಮಗ್ಗುಲು ಟಯರು ತಿಕ್ಕಿ ತಿಕ್ಕಿ ಕರಿಯಾಗಿದೆ, ಇನ್ನೊಂದು ಮಗ್ಗುಲು ನನ್ನ ಕೈ ತಿಕ್ಕಿ ನುಣ್ಣಗಾಗಿದೆ, ಹೊರಿಸಿಕೊಳ್ಳುವುದಕ್ಕೇ ಹುಟ್ಟಿದ ಹಾಗಿದೆ. ಹ್ಯಾಂಡ್‌ಬ್ರೇಕು ಕಿತ್ತುಹೋಗಿ ಯಾವ ಕಾಲವಾಯಿತೋ, ಎಲ್ಲವನ್ನೂ ರಿಪೇರಿ ಮಾಡಿಸಿದವರು ಅದೊಂದನ್ನು ಮಾಡಿಸಲಿಲ್ಲ, ಒಮ್ಮೆ ನಾನೇ ಬಾಯಿಬಿಟ್ಟು ಕೇಳಿದೆ, ಅದನ್ನೂ ನೋಡಪ್ಪಾ ಅಂತ, ಡಾಕ್ಟರು ಹಲ್ಲುಕಿರಿದ, ಅದ್ಯಾಕೆ ಅಣ್ಣ, ಅತ್ತಿಗೆ ಇದ್ದಾರಲ್ಲ! ಇಬ್ಬರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು, ಅತ್ತಿಗೆ ಇದ್ದಾರಲ್ಲ, ಅವತ್ತಿನಿಂದ ನಾನು ಒಂದು ಬಿಡಿಭಾಗ. ಸೆಲ್ಫು ಸರಿಯಾಗಿ ಹಿಡಿಯುವುದಿಲ್ಲ, ಉರುಳಿಸಿಯೇ ಸ್ಟಾರ್ಟ್ ಮಾಡಬೇಕು ಅಂತ ಗಾಡಿಯನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸಬೇಕು, ಮೂತಿ ಕೆಳಗೆ ಮಾಡಿ, ಗೇರಿಗೆ ಹಾಕಿ ನಿಲ್ಲಿಸಿದರೂ ನಿಲ್ಲದು, ಒಂದೆರಡು ಉಸಿರಿನಷ್ಟು ಹಿಡಿದುಕೊಂಡಿದ್ದು ಕಟಕ್ ಅಂತ ತಾನೇ ಬಿಟ್ಟುಕೊಳ್ಳುತ್ತದೆ, ಆಮೇಲೆ ಅದನ್ನು ಹಿಡಿಯುವವರು ಯಾರು, ಅದಕ್ಕೇ ಇವರು ಬ್ರೇಕಿನ ಮೇಲೆ ಕಾಲಿಟ್ಟು ಕೂತಿರುತ್ತಾರೆ, ನಾನು ಇಳಿಯಬೇಕು, ಮುಂದಿನ ಚಕ್ರಕ್ಕೆ ಕಲ್ಲು ಒತ್ತಬೇಕು, ಆಯ್ತಾ? ಅನ್ನುತ್ತಾರೆ, ಆಯ್ತು ಅನ್ನಬೇಕು, ಆಗ ಕಾಲು ತೆಗೆದು ಇಳಿಯುತ್ತಾರೆ, ಬಗ್ಗಿ ನೋಡಿದ್ದೇ ಇಲ್ಲ, ಒಂದು ದಿನವೂ ಇಲ್ಲ, ನನ್ನ ಆಯ್ತು ಸಾಕು ಇವರಿಗೆ. ಹೊರಡುವಾಗ ಇನ್ನೊಂದು ಚಂದ, ಕಲ್ಲು ಎಳೆದುಕೊಂಡು ಉರುಳುವ ಗಾಡಿಯ ಪಕ್ಕದಲ್ಲಿ ಓಡಬೇಕು, ಓಡುತ್ತಲೇ ಕಲ್ಲನ್ನು ಒಳಗೆ ಎಸೆದು ನಾನೂ ಹತ್ತಿಕೊಳ್ಳಬೇಕು, ರಸ್ತೆಯವರೆಲ್ಲ ನಿಂತು ನೋಡುತ್ತಾರೆ, ಇವರು ಒಳಗಿಂದ, ಬೇಗ ಬಾರೇ, ಚಿನ್ನ ಹೊರಟಳು! ಚಿನ್ನ ಅಂದರೆ ಗಾಡಿ. ನನ್ನನ್ನು ಒಂದು ದಿನ ಚಿನ್ನ ಅಂದಿದ್ದುಂಟೋ, ನನಗೆ ಲೇ, ಏ ಇವಳೇ, ಎಲ್ಲಿ ಸತ್ತೆ. ಮನೆ ಹಿಡಿದದ್ದೂ ಚಿನ್ನಕ್ಕಾಗಿ, ಏರಿನ ತುದಿಯಲ್ಲಿ, ನಲ್ಲಿಯಲ್ಲಿ ನೀರು ಏರುವುದಿಲ್ಲ, ಅಡುಗೆಮನೆಯಲ್ಲಿ ಈರುಳ್ಳಿ ಜಾರಿ ಬಿದ್ದರೆ ನಡುಮನೆಯವರೆಗೆ ಉರುಳುತ್ತದೆ, ಆದರೆ ಏನು ಇಳಿಜಾರು ನೋಡೇ ಅಂದಿದ್ದರು ಮನೆ ತೋರಿಸುವಾಗ, ಕಿಟಕಿ ನೋಡಲಿಲ್ಲ, ಒಲೆ ನೋಡಲಿಲ್ಲ, ಇಳಿಜಾರು ನೋಡಿದರು. ನಾನು ಹೂಂ ಅಂದೆ, ಆಗೆಲ್ಲ ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.

ಆದರೆ ನಿನ್ನೆಯದು, ನಿನ್ನೆಯದು ಅತಿಯಾಯಿತು, ಯಾರದೋ ಮನೆ ಸಾಮಾನು ಸಾಗಿಸುತ್ತಿದ್ದೆವು, ನಡುರಸ್ತೆಯಲ್ಲಿ ಗೊರಗೊರ ಅಂದು ನಿಂತೇಬಿಟ್ಟಿತು, ಹಗುರ ಆದರೆ ತಳ್ಳಬಹುದು ಅಂತ ಸಾಮಾನೆಲ್ಲ ಇಳಿಸಿದರು, ಮಂಚ, ಬೀರು, ಕನ್ನಡಿ, ಆ ಮನೆಯ ಮುದುಕಪ್ಪ ತನ್ನ ಸೋಫಾದ ಮೇಲೆ ರಸ್ತೆ ಪಕ್ಕದಲ್ಲೇ ಕೂತ, ಕೋಲು ಹಿಡಿದು, ಬಸ್ಸಿನವರೆಲ್ಲ ಇಣುಕಿ ನೋಡಿ ನಕ್ಕರು, ಆ ಮನೆಯ ಸೊಸೆ ಇವರನ್ನು ಬಾಯಿಗೆ ಬಂದ ಹಾಗೆ ಬೈದಳು, ಬೈಯಲಿ, ಬೈಸಿಕೊಂಡು ಅಭ್ಯಾಸ ಇದೆ, ಆದರೆ ಮುದುಕಪ್ಪ ನನ್ನ ಕಡೆ ನೋಡಿದ, ನಾನು ಚಕ್ರದ ಬಳಿ ಕಲ್ಲು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದೆ, ನೋಡಿ ಕೇಳಿದ, ನಿನ್ ಕೆಲ್ಸ ಇಷ್ಟೇನಮ್ಮ? ಮರುಕದಿಂದ ಕೇಳಿದ, ಅದೇ ಉರಿಯಿತು, ಸೊಸೆಯ ಬೈಗುಳ ತಾಗಲಿಲ್ಲ, ಇದು ತಾಗಿತು. ರಾತ್ರಿ ಊಟಕ್ಕೆ ಬಡಿಸಲಿಲ್ಲ, ತಟ್ಟೆ ಇಟ್ಟು ಹೇಳಿದೆ, ಗಾಡಿ ಮಾರ್ತೀರೋ ಇಲ್ವೋ. ಮಾರ್ತೀನಿ ಕಣೇ, ನಂಗೂ ಸಾಕಾಗಿದೆ, ತರಕಾರಿಯವನು ಕೇಳ್ತಾನೇ ಇದಾನೆ, ನಾಳೆ ಶೆಡ್ಡಿಗೇ ಬರಹೇಳ್ತೀನಿ, ಆಣೆಗೂ ಮಾರ್ತೀನಿ. ನಾನು ನಂಬಿದೆ. ಇವರ ಆಣೆಗಳನ್ನು ಪೋಣಿಸಿದರೆ ಗಾಡಿ ಎಳೆಯುವಷ್ಟು ಉದ್ದದ ಹಗ್ಗ ಆದೀತು, ಆದರೂ ನಂಬಿದೆ, ಬೆಳಿಗ್ಗೆ ಅಕ್ಕನಿಗೆ ಫೋನೂ ಮಾಡಿದೆ. ಅಕ್ಕನ ಟೈಲರ್ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೆಷಿನ್ನು ಖಾಲಿ ಇದೆ, ನನಗೆ ಅಂತಲೇ ಖಾಲಿ ಇಟ್ಟುಕೊಂಡು ಕೂತಿದ್ದಾಳೆ, ಎಷ್ಟೂಂತ ಕಾಯ್ಲೇ, ಇನ್ನೊಬ್ಳು ಕೇಳ್ತಿದಾಳೆ, ಸಂಜೆಯೊಳಗೆ ಹೇಳ್ಬಿಡು, ಇಲ್ಲಾಂದ್ರೆ ಅವಳನ್ನ ಕೂರಿಸ್ತೀನಿ, ಬೇಜಾರ್ ಮಾಡ್ಕೋಬೇಡ. ಬರ್ತೀನಿ ಅಕ್ಕ, ಇವತ್ತು ಮಾರಿಬಿಡ್ತಾರೆ, ಅಂದೆ. ಗಾಡಿ ಇರುವ ತನಕ ನಾನು ಹೋಗುವ ಹಾಗಿಲ್ಲ, ಬೇರೆ ಯಾರೂ ಈ ಕಲ್ಲು ಹೊರುವುದಿಲ್ಲ, ಇಟ್ಟುಕೊಂಡ ಆಳುಗಳೆಲ್ಲ ಒಂದು ದಿನ ಓಡಿ ಹತ್ತಿ ಮಾರನೆಯ ದಿನ ಮುಖ ತೋರಿಸಲಿಲ್ಲ, ಅವರಿಗೆ ಬುದ್ಧಿ ಇತ್ತು. ಕಿಟಕಿ ಪಕ್ಕದ ಮೆಷಿನ್ನು, ಕೂತು ಮಾಡುವ ಕೆಲಸ, ಕೂತಲ್ಲಿಂದ ಏನೂ ಉರುಳಿಹೋಗದ ಕೆಲಸ — ಹುಡುಗಿಯಾಗಿದ್ದಾಗ ಕಾಲರ್ ಕೂರಿಸಿದರೆ ಅಕ್ಕನೇ ನೋಡಿ ಬೆರಗಾಗುತ್ತಿದ್ದಳು, ಈಗ ಈ ಬೆರಳುಗಳಿಗೆ ಸೂಜಿ ಪೋಣಿಸಲು ಬರುತ್ತದೋ ಇಲ್ಲವೋ, ಕಲ್ಲಿನಷ್ಟೇ ಒರಟಾಗಿವೆ. ಬರುತ್ತದೆ, ಕೈ ಮರೆಯುವುದಿಲ್ಲ.

ಬಂದ, ತರಕಾರಿಯವನು ಬಂದ, ಟಯರಿಗೆ ಒಂದು ಒದ್ದ, ಬಾಗಿಲು ಎಳೆದು ಬಡಿದ, ಹಿಂದಿನ ಹಲಗೆ ತಟ್ಟಿದ, ತನಗೆಲ್ಲ ತಿಳಿಯುತ್ತದೆ ಅನ್ನುವ ಹಾಗೆ ಮೂಗು ಮುರಿದ, ಇವನ ತಲೆಯಲ್ಲಿ ಇರುವುದೂ ಬದನೆಕಾಯಿಯೇ, ಇರಲಿ, ತೆಗೆದುಕೊಂಡು ಹೋಗಲಿ ಮಹರಾಯ, ಜೊತೆಗೆ ಕಲ್ಲನ್ನೂ ಕೊಡುತ್ತೇನೆ, ಅವನ ಹೆಂಡತಿಗೆ. ಪಾಪ, ಅವಳು ಯಾರೋ. ಡಾಕ್ಟರು ಬೆನ್ನು ನೆಟ್ಟಗೆ ಮಾಡಿದ, ಆಯ್ತಣ್ಣ, ಚಿಕ್ಕದೇ ಇತ್ತು, ಈಗ ಹೊಡೀರಿ ಕೀ. ಒಂದ್ಸಲ ಸ್ಟಾರ್ಟ್ ಮಾಡಿ ತೋರಿಸಿಬಿಡಿ ಯಜಮಾನ್ರೇ, ಅಂದ ತರಕಾರಿಯವನು, ಈಗ ಕೆಮ್ಮುತ್ತದೆ, ಇವನ ಮುಂದೆಯೇ ಕೆಮ್ಮಿ ಮಾನ ಕಳೆಯುತ್ತದೆ, ಇವನು ಬೇಡ ಅಂದುಬಿಡುತ್ತಾನೆ, ಹತ್ತು, ಹತ್ತು ದರಿದ್ರವೇ, ಇದೊಂದು ಸಲ ಮರ್ಯಾದೆಯಾಗಿ ಹತ್ತು ಅಂತ ನಾನೇ ಬೇಡಿಕೊಂಡೆ, ನನ್ನ ಜನ್ಮದಲ್ಲಿ ಅದಕ್ಕಾಗಿ ಬೇಡಿಕೊಂಡದ್ದು ಅದೊಂದೇ ಸಲ, ಇವರು ಕೀ ತಿರುಗಿಸಿದರು, ಹತ್ತಿತು. ಒಂದೇ ಸಲಕ್ಕೆ. ಕೆಮ್ಮಿಲ್ಲ, ಗೊರಗೊರ ಇಲ್ಲ, ಹೊಗೆ ಇಲ್ಲ, ಬೆಣ್ಣೆಯ ಹಾಗೆ ಓಡುತ್ತಿದೆ, ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟುಕೊಂಡಿತ್ತೋ ಈ ದನಿಯನ್ನು. ತರಕಾರಿಯವನ ಮುಖ ಅರಳಿತು, ತಗೋತೀನಿ ಅಂದ, ನಾನು ಇವರ ಮುಖ ನೋಡಿದೆ, ನೋಡಿದ ಕೂಡಲೇ ಗೊತ್ತಾಯಿತು, ಬಾಯಿ ತೆರೆಯುವ ಮೊದಲೇ ಗೊತ್ತಾಯಿತು, ಸ್ಟೀರಿಂಗಿನ ಮೇಲೆ ಕೈಯಾಡಿಸುತ್ತಿದ್ದರು, ಕಣ್ಣಲ್ಲಿ ನೀರು, ಥೂ, ನನ್ನ ತಾಯಿ ಹೋದಾಗ ಬರದ ನೀರು. ಇಲ್ಲ ಕಣಪ್ಪಾ, ಬೇಜಾರ್ ಮಾಡ್ಕೋಬೇಡ, ಇಂಥಾ ಗಾಡೀನ ಯಾರಾದ್ರೂ ಕೊಡ್ತಾರಾ, ನೋಡಿದ್ಯಲ್ಲ, ಒಂದೇ ಸಲಕ್ಕೆ! ಡಾಕ್ಟರು ಮೀಸೆ ತಿರುವಿದ, ನಾನ್ ಹೇಳ್ಲಿಲ್ವಾ ಅಣ್ಣ. ತರಕಾರಿಯವನು ಗೊಣಗುತ್ತ ಹೋದ. ನನ್ನ ಕಡೆ ತಿರುಗಿ ಇವರು ಮಾರೋದಿಲ್ಲ ಅಂತಲೂ ಹೇಳಲಿಲ್ಲ, ಅಷ್ಟು ಮಾತಿಗೂ ನಾನು ಲಾಯಕ್ಕಿಲ್ಲ, ನಗುತ್ತಾ ಕೈಬೀಸಿ ಅಂದರು, ಲೇ, ಒಂದು ರೌಂಡ್ ಹೋಗ್ಬರೋಣ, ಕಲ್ಲು ತಗೊಂಡು ಹತ್ತು.

ಹತ್ತಿದೆ. ಯಾಕೆ ಹತ್ತಿದೆ, ಅಭ್ಯಾಸ, ಕಾಲು ತಾನಾಗಿ ಹತ್ತುತ್ತದೆ, ಕೈ ತಾನಾಗಿ ಕಲ್ಲು ಎತ್ತುತ್ತದೆ, ಪಾದಗಳ ನಡುವೆ ಕಲ್ಲು, ಇವರ ಬಾಯಲ್ಲಿ ಹಾಡು, ನೋಡೇ ಹೆಂಗೆ ಓಡ್ತಾಳೆ, ನೋಡೇ, ಒಂದು ಹೊಸ ಹಾರ್ನ್ ಹಾಕಿಸ್ಬೇಕು ಇವಳಿಗೆ — ಹಾರ್ನು! ಹ್ಯಾಂಡ್‌ಬ್ರೇಕಲ್ಲ, ಹಾರ್ನು! — ರೀ, ಅಕ್ಕನಿಗೆ ಮಾತು ಕೊಟ್ಟಿದೀನಿ, ಅಂದೆ, ಯಾವ ಅಕ್ಕ, ಏನ್ ಮಾತು, ಅಂದರು, ನಿಜವಾಗಿಯೂ ಮರೆತಿದ್ದರು, ನಟಿಸಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಒಂದು ಸುತ್ತು ಹಾಕಿ ಶೆಡ್ಡಿಗೇ ತಂದರು, ಹಾರ್ನಿಗೆ ಹೇಳಬೇಕಂತೆ, ಶೆಡ್ಡಿನ ಎದುರಿನ ಇಳಿಜಾರಿನ ತಲೆಯಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರು, ಕೀಗೆ ಹತ್ತುವ ಗಾಡಿಯನ್ನೂ ಇಳಿಜಾರಿಗೇ ನಿಲ್ಲಿಸುವ ಬುದ್ಧಿ, ಎಂಜಿನ್ ಆರಿಸಿದರು, ಗೇರಿಗೆ ಹಾಕಿದರು, ಕಲ್ಲು! ಇಳಿದೆ. ಇಳಿಜಾರಿನ ಬುಡದಲ್ಲಿ ಡಾಕ್ಟರು ಎಸೆದ ಗಾಡಿಗಳ ಗುಂಡಿ, ಕಣ್ಣು ಕಿತ್ತ ಕಾರುಗಳು, ತಲೆಕೆಳಗಾದ ವ್ಯಾನು, ತುಕ್ಕು, ಅಲ್ಲಿ ಮಲಗುವ ನಾಯಿ ಈಗ ಮೇಲೆ ಶೆಡ್ಡಿನ ನೆರಳಲ್ಲಿದೆ, ಕೆಳಗೆ ಯಾರೂ ಇಲ್ಲ, ಒಂದು ನರಪಿಳ್ಳೆಯೂ ಇಲ್ಲ, ಮತ್ತೊಮ್ಮೆ ನೋಡಿದೆ, ಇಲ್ಲ. ನನ್ನ ಫೋನು ಹೊಡೆದುಕೊಳ್ಳುತ್ತಿದೆ, ಅಕ್ಕನೇ ಇರಬೇಕು, ಬಿಸಿಲು ಬಾಗಿದೆ, ನಿನ್ ಕೆಲ್ಸ ಇಷ್ಟೇನಮ್ಮ, ಅತ್ತಿಗೆ ಇದ್ದಾರಲ್ಲ, ಕಿಟಕಿ ಪಕ್ಕದ ಮೆಷಿನ್ನು, ಚಕ್ರದ ಮುಂದೆ ಕೂತೆ, ಟಯರಿನ ಬಿಸಿ ಮುಖಕ್ಕೆ ತಾಗುತ್ತಿದೆ, ಕಲ್ಲಿನ ಕರಿ ಮಗ್ಗುಲು ಟಯರಿನ ಕಡೆ, ನುಣುಪು ಮಗ್ಗುಲು ನನ್ನ ಕಡೆ, ಆಯ್ತಾ? ಎದ್ದು ಪಕ್ಕಕ್ಕೆ ಸರಿದು ನಿಂತೆ. ಆಯ್ತೇನೇ? ಆಯ್ತು, ಅಂದೆ. ಕಾಲು ತೆಗೆದರು, ಇಳಿದರು, ಬಾಗಿಲು ಹಾಕಿದರು, ಬಗ್ಗಿ ನೋಡಲಿಲ್ಲ, ಡಾಕ್ಟ್ರೇ ಒಂದು ಹಾರ್ನು ಅನ್ನುತ್ತಾ ಶೆಡ್ಡಿನ ಕಡೆ ಹೊರಟರು, ಒಂದು ಉಸಿರು, ಇನ್ನೊಂದು ಉಸಿರು, ಕಟಕ್ — ಕಲ್ಲು ನನ್ನ ಕೈಯಲ್ಲಿದೆ, ಮೂರು ಮೂಲೆಯ ಕಲ್ಲು, ನನ್ನ ಕೈಯಲ್ಲೇ ಇದೆ.