ತಾಯಿ ಬಾಟಲಿ

ನಾನು ನೆಟ್ಟರೆ ಪ್ಲಾಸ್ಟಿಕ್ ಹೂವೂ ಬಾಡುತ್ತದೆ ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಾರೆ. ನಾನೂ ನಗುತ್ತೇನೆ. ನಗದೆ ಇನ್ನೇನು ಮಾಡಲಿ, ಗೋಡೆಗೆ ತಲೆ ಚಚ್ಚಿಕೊಳ್ಳಲೇ? ಕೈಗುಣ ಒಬ್ಬೊಬ್ಬರಿಗೆ ಒಂದೊಂದು ಥರ. ನನ್ನದು ಕೆಟ್ಟದ್ದು ಎಂದು ತೀರ್ಪು ಕೊಟ್ಟವಳು ದೊಡ್ಡಮ್ಮ. ನಾನು ಮೂರನೇ ಕ್ಲಾಸಿನಲ್ಲಿದ್ದೆ. ಅವತ್ತು ನನ್ನ ತಮ್ಮ ನನ್ನ ಮಡಿಲಲ್ಲೇ ತೀರಿಕೊಂಡಿದ್ದ.

ಅವನಿನ್ನೂ ಹಾಲು ಕುಡಿಯುವ ಕೂಸು. ಜ್ವರ ಬಂದಿತ್ತು. ಅಮ್ಮ ಅವನನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮಡಿಲಿಗಿಟ್ಟು, "ತಟ್ಟಿ ಮಲಗಿಸ್ತಿರು, ಬಂದೆ" ಎಂದು ಹೋದಳು. ನಾನು ತಟ್ಟಿದೆ, ನನಗೆ ಬರುವ ಹಾಡನ್ನೆಲ್ಲ ಹೇಳಿದೆ. ಹಣೆ ಮುಟ್ಟಿದರೆ ತಣ್ಣಗಿತ್ತು. ಜ್ವರ ಬಿಟ್ಟಿತು, ನಾನು ತಟ್ಟಿದ್ದಕ್ಕೇ ಬಿಟ್ಟಿತು ಎಂದು ಹಿಗ್ಗಿದೆ. ಆಗ ದೊಡ್ಡಮ್ಮ ಒಳಗೆ ಬಂದು, ಬಗ್ಗಿ ನೋಡಿ, ಚೀರಿದಳು. "ಅಯ್ಯೋ ಹಾಳಾದವಳೇ, ಯಾರ ಕೈಗೆ ಕೊಟ್ಟಿದ್ದೀಯೇ ಮಗೂನ! ಇವಳು ಮುಟ್ಟಿದ ಬೆಕ್ಕಿನ ಮರಿ ಒಂದಾದ್ರೂ ಉಳಿದಿದ್ಯಾ?" ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ಆಮೇಲೆ ತಂಗಿ ಹುಟ್ಟಿದಳು. ಅವಳನ್ನು ನನ್ನ ಕೈಗೆ ಕೊಡಲಿಲ್ಲ. ದೊಡ್ಡಮ್ಮ ಸತ್ತು ಮಣ್ಣಾದರೂ ಅವಳ ಮಾತು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಈಗ ತಂಗಿ ತನ್ನ ಎಳೆ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಾಳೆ. ನಾನು ತೊಟ್ಟಿಲ ಹತ್ತಿರ ಹೋದರೆ ಸಾಕು, ಅಮ್ಮ ಎಲ್ಲಿದ್ದರೂ ಹಾಜರು. "ಕೈ ಒದ್ದೆ ಇದೆ ನಿಂದು." "ಈಗ ತಾನೇ ಕಣ್ಣು ಮುಚ್ಚಿದಾನೆ, ಬಿಡು." ಒಂದು ದಿನ ತಂಗಿಗೇ ರೇಗಿತು. "ಏನಮ್ಮಾ, ಅಕ್ಕ ಏನು ಅವನ್ನ ತಿಂದ್ಹಾಕ್ತಾಳಾ?" ಅಮ್ಮನಿಗೆ ಜಾಣಕಿವುಡು. ನನಗೋ ಆ ಕೂಸನ್ನು ಒಂದೇ ಒಂದು ಸಲ ಎತ್ತಿಕೊಳ್ಳಬೇಕಿತ್ತು. ಅಮ್ಮ ತಾನಾಗಿ ಕೊಟ್ಟು, ನಾನು ಎತ್ತಿಕೊಳ್ಳಬೇಕಿತ್ತು. ಕದ್ದು ಎತ್ತಿಕೊಳ್ಳಲು ನಾನೇನು ಕಳ್ಳಿಯೇ?

ನಾನು ಸಸಿ ಮಾರುವ ಕಂಪನಿಯೊಂದರಲ್ಲಿ ಕುಂಡಗಳಿಗೆ ಲೇಬಲ್ ಅಂಟಿಸುತ್ತೇನೆ. ಸಸಿ ಮುಟ್ಟುವುದಿಲ್ಲ, ಲೇಬಲ್ ಮಾತ್ರ. ಅಲ್ಲಿ ಯಾರೋ ವಿಶ್ವವಿದ್ಯಾಲಯದ ಸಂಜೆ ಕೋರ್ಸಿನ ವಿಷಯ ಹೇಳಿದರು. ಬಯೋಟೆಕ್ನಾಲಜಿ ಸರ್ಟಿಫಿಕೇಟು. ಗಾಜಿನ ಬಾಟಲಿಯೊಳಗೆ, ಕೈ ಸೋಕದ ಹಾಗೆ ಗಿಡ ಬೆಳೆಸುವ ವಿದ್ಯೆ. ಕೈ ಸೋಕದ ಹಾಗೆ! ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಇವಳ ಹತ್ತಿರ ಜೀವ ಉಳಿಯುತ್ತದೆ ಎಂದು ವಿಶ್ವವಿದ್ಯಾಲಯವೇ ಮೊಹರು ಒತ್ತಿಕೊಟ್ಟರೆ, ದೊಡ್ಡಮ್ಮನ ಮಾತಿಗೆ ಮೂರು ಕಾಸಿನ ಬೆಲೆಯಿರುತ್ತದೆಯೇ? ಆ ಸರ್ಟಿಫಿಕೇಟನ್ನು ಅಮ್ಮನ ಮುಂದಿಟ್ಟು, ಕೊಡು ಈಗ ಮಗುವನ್ನು ಎಂದು ಕೇಳುತ್ತೇನೆ ಎಂದುಕೊಂಡೆ.

ಕೋರ್ಸು ಸುಲಭವೇನಲ್ಲ. ನಮಗೆ ಒಬ್ಬೊಬ್ಬರಿಗೂ ಒಂದೊಂದು ತಾಯಿ ಬಾಟಲಿ ಕೊಟ್ಟರು. ತಾಯಿ ಬಾಟಲಿ ಎಂದರೆ ಮೂಲದ ಸಸಿಗಳಿರುವ ಬಾಟಲಿ. ಆ ಸಸಿಗಳನ್ನು ಚೂರು ಚೂರಾಗಿ ಕತ್ತರಿಸಿ, ಹೊಸ ಬಾಟಲಿಗಳ ಲೋಳೆಯಂಥ ಆಹಾರದಲ್ಲಿ ನೆಡಬೇಕು. ಪ್ರತಿ ಚೂರೂ ಒಂದೊಂದು ಗಿಡವಾಗಬೇಕು. ಕೊನೆಯ ಪರೀಕ್ಷೆಗೆ ಬದುಕಿರುವ ಗಿಡ ತೋರಿಸಿದರೆ ಪಾಸು. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಕೆಲಸವೆಲ್ಲ ಗಾಜಿನ ಪೆಟ್ಟಿಗೆಯೊಂದರ ಮುಂದೆ. ಒಳಗಿಂದ ಶುದ್ಧ ಗಾಳಿ ಮುಖಕ್ಕೆ ಬೀಸುತ್ತಿರುತ್ತದೆ, ಗುಂಯ್ ಎನ್ನುತ್ತಿರುತ್ತದೆ. ಚಿಮುಟವನ್ನು ದೀಪದಲ್ಲಿ ಕಾಯಿಸಿ, ಆರುವವರೆಗೆ ಸುಮ್ಮನೆ ಕೂತಿರಬೇಕು. ಆ ಸುಮ್ಮನೆ ಕೂರುವುದೇ ನನಗೆ ಕಷ್ಟವಾಯಿತು. ಕೂತಷ್ಟು ಹೊತ್ತೂ ಮಡಿಲಲ್ಲಿ ಏನೋ ಭಾರ. ಬಗ್ಗಿ ನೋಡಿದರೆ ಬಿಳಿ ಕೋಟಿನ ಬಟ್ಟೆ, ಅಷ್ಟೇ. ತಲೆಯೆತ್ತಿದರೆ ಮತ್ತೆ ಭಾರ. ಪಕ್ಕದಲ್ಲಿ ಕೂರುವ ಹುಡುಗಿಗೆ ನಾವೆಲ್ಲ ರೇಡಿಯೊ ಎನ್ನುತ್ತಿದ್ದೆವು, ಬಾಯಿಗೆ ಬೀಗವೇ ಇಲ್ಲ. ಅವಳು ಒಂದು ದಿನ ಕೇಳಿದಳು, "ಅಕ್ಕಾ, ಯಾರನ್ನ ತಟ್ಟಿ ಮಲಗಿಸ್ತಿದ್ದೀರಿ?" ನೋಡುತ್ತೇನೆ, ನನ್ನ ಎಡಗೈ ನನ್ನ ತೊಡೆಯನ್ನು ಮೆಲ್ಲಗೆ ತಟ್ಟುತ್ತಿದೆ. ನಾನು ಹೇಳದೆ ಕೇಳದೆ, ಅದರ ಪಾಡಿಗೆ ಅದು. ಅದನ್ನು ಕೋಟಿನ ಜೇಬಿಗೆ ತುರುಕಿದೆ.

ಎಲ್ಲರ ಬಾಟಲಿಗಳೂ ಚಿಗುರಿದವು. ಕೆಲವಕ್ಕೆ ಬೂಷ್ಟು ಹಿಡಿಯಿತು. ನನ್ನವಕ್ಕೆ ಬೂಷ್ಟೂ ಇಲ್ಲ, ಚಿಗುರೂ ಇಲ್ಲ. ಚೂರುಗಳು ಇಟ್ಟಲ್ಲೇ ಇದ್ದು, ನಿಧಾನವಾಗಿ ಕಂದಿದವು. "ಅಕ್ಕಾ, ನಿಮ್ಮ ಬಾಟಲಿ ಎಷ್ಟು ಕ್ಲೀನು ರೀ, ಮ್ಯೂಸಿಯಂನಲ್ಲಿ ಇಡಬಹುದು" ಎಂದಳು ರೇಡಿಯೊ. ಕಪಾಳಕ್ಕೆ ಬಿಡೋಣವೆನ್ನಿಸಿತು. ಬಾಟಲಿಗಳ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಆ ಕಂದಿದ ಚೂರುಗಳು ಬಟ್ಟೆ ಸುತ್ತಿದ ಕೂಸುಗಳ ಹಾಗೆ ಕಾಣುತ್ತಿದ್ದವು. ಗಾಳಿಯ ಗುಂಯ್ ಸದ್ದಿನಲ್ಲಿ ದೊಡ್ಡಮ್ಮ ಅದನ್ನೇ ಹೇಳುತ್ತಿದ್ದಳು, ಯಾರ ಕೈಗೆ ಕೊಟ್ಟಿದ್ದೀಯೇ, ಯಾರ ಕೈಗೆ ಕೊಟ್ಟಿದ್ದೀಯೇ. ಕೈ ಸೋಕದಿದ್ದರೂ ಸಾಯುತ್ತವೆ ಎಂದರೆ ನಾನು ಇನ್ನೆಲ್ಲಿಗೆ ಹೋಗಲಿ? ನಿಜ ಹೇಳುತ್ತೇನೆ, ನನಗೆ ನನ್ನದೇ ಕೈಗಳ ಭಯ ಹಿಡಿಯಿತು. ಊಟ ಮಾಡುವಾಗಲೂ ಅವನ್ನು ನೋಡುತ್ತಿರಲಿಲ್ಲ.

ಕೊನೆಗೆ ಕೋರ್ಸು ನಡೆಸುವ ಮೇಡಂ ಮುಂದೆ ಹೋಗಿ, "ನನ್ನ ಹೆಸರು ಹೊಡೆದುಹಾಕಿ ಮೇಡಂ, ನನ್ನ ಕೈಗುಣ ಸರಿಯಿಲ್ಲ" ಎಂದೆ.

"ಕೈಗುಣಾನಾ? ಬನ್ನಿ ಇಲ್ಲಿ" ಎಂದು ಮೇಡಂ ಫ್ರಿಜ್ ತೆಗೆದರು. ನನ್ನ ತಾಯಿ ಬಾಟಲಿ ಇದ್ದ ಸಾಲಿನಿಂದಲೇ, ಯಾರೂ ಮುಟ್ಟದ ಇನ್ನೊಂದು ಬಾಟಲಿ ತೆಗೆದರು. ಹಿಂಬದಿಯ ಮಂಜಿಗೆ ತಾಗಿ ಅದು ಹೆಪ್ಪುಗಟ್ಟಿ ಕಲ್ಲಾಗಿತ್ತು. ಸಸಿಗಳು ಮಾತ್ರ ಹಸಿರು ಹಸಿರು. ಒಂದು ಎಳೆ ಕತ್ತರಿಸಿ, ಮೇಲೆ ನೀಲಿ ಬಣ್ಣ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. "ಜೀವ ಇದ್ರೆ ಈ ಬಣ್ಣಾನ ಒಳಗೆ ಬಿಟ್ಕೊಳಲ್ಲ. ನೋಡಿ, ಪೂರ್ತಿ ನೀಲಿ. ನಿಮ್ಮ ಬಾಟಲಿನೂ ಹೀಗೇ ಆಗಿರತ್ತೆ. ನಿಮ್ಮ ಕೈಗೆ ಕೊಡೋ ಮುಂಚೇನೇ ಸತ್ತಿತ್ತು. ತಪ್ಪು ನಮ್ದು. ಬೇರೆ ಬಾಟಲಿ ಕೊಡ್ತೀನಿ, ಹೋಗಿ."

ಮನೆಗೆ ಹಾರಿಕೊಂಡೇ ಬಂದೆ. ಅಮ್ಮ ಮಗುವಿನ ಬಟ್ಟೆ ಮಡಚುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ ಹೇಳಿದೆ. "ಅಮ್ಮಾ, ತಪ್ಪು ನನ್ನ ಕೈದಲ್ಲ! ನನ್ನ ಕೈಗೆ ಕೊಡೋ ಮುಂಚೇನೇ ಸತ್ತಿತ್ತಂತೆ. ನೋಡೋಕೆ ಮಾತ್ರ ಚೆನ್ನಾಗಿತ್ತಂತೆ."

ಅಮ್ಮನ ಕೈ ನಿಂತಿತು. "ಯಾರು ಹೇಳಿದ್ರು ನಿಂಗೆ?"

"ಮೇಡಂ."

"ಅವರಿಗೆ ಹೇಗೆ ಗೊತ್ತು? ಅವತ್ತು ರೂಮಲ್ಲಿ ನಾನೊಬ್ಳೇ ಇದ್ದೆ."

ನಾನು ನಗುತ್ತಲೇ ಇದ್ದೆ. ಅವಳು ಬಾಟಲಿಯ ಮಾತಾಡುತ್ತಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದಾಗ ಚಪ್ಪಲಿ ಕಾಲಲ್ಲೇ ಅವಳೆದುರು ಕೂತೆ.

"ಬೆಳಗ್ಗೇನೇ ಹೋಗಿದ್ದ ನಿನ್ನ ತಮ್ಮ" ಎಂದಳು ಅಮ್ಮ, ಬಟ್ಟೆಗೆ ಹೇಳುವವಳ ಹಾಗೆ. "ನನ್ನ ತೊಡೆ ಮೇಲೇ."

"ಮತ್ತೆ ನನ್ನ ಮಡಿಲಿಗೆ ಯಾಕಿಟ್ಟೆ?"

"ತಾಯಿ ಕೈಲೇ ಹೋಯ್ತು ಅನ್ನಿಸ್ಕೊಂಡು ಈ ಮನೇಲಿ ಬದುಕೋಕಾಗ್ತಿರ್ಲಿಲ್ಲ ಕಣೇ. ನೀನು ಚಿಕ್ಕೋಳು, ಮರೀತೀಯ ಅಂದ್ಕೊಂಡೆ."

"ಗೊತ್ತಿದ್ದೂ ಗೊತ್ತಿದ್ದೂ ಈ ಮಗೂನ ನನ್ನ ಕೈಗೆ ಕೊಡಲ್ವಲ್ಲ?"

"ನಿನ್ನ ಮಡಿಲಲ್ಲಿ ಮಗು ಇದ್ರೆ ನಂಗೆ ಅವನೇ ಕಾಣ್ತಾನೆ."

ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬಾಯಿಗೆ ಬಂದ ಹಾಗೆ ಬೈದೆ, ಹೆತ್ತವಳು ಎಂದು ನೋಡದೆ ಬೈದೆ. ಹಾಗಾದರೆ ಅವತ್ತು ನಾನು ಹಾಡು ಹೇಳಿದ್ದು ಯಾರಿಗೆ? ಜ್ವರ ಬಿಟ್ಟಿತು ಎಂದು ಹಿಗ್ಗಿದ್ದು ಯಾತಕ್ಕೆ? ಆಮೇಲೆ ಅವಳ ಜೊತೆ ಮಾತು ಬಿಟ್ಟೆ. ಒಂದೇ ಸೂರಿನ ಕೆಳಗೆ ಇಬ್ಬರೂ ದೆವ್ವಗಳ ಹಾಗೆ ಓಡಾಡಿದೆವು. ನಡುವೆ ತಂಗಿ ಏನೂ ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದಳು.

ಹೊಸ ತಾಯಿ ಬಾಟಲಿಯ ಚೂರುಗಳು ಚಿಗುರಿದವು, ಬೇರೂ ಬಿಟ್ಟವು. ಅವನ್ನು ಬರಿಗೈಯಲ್ಲೇ ತೊಳೆದು ಮಣ್ಣಿಗಿಟ್ಟೆ. ಒಂದೂ ಸಾಯಲಿಲ್ಲ. ಸರ್ಟಿಫಿಕೇಟು ಬಂದ ದಿನ ಅದನ್ನು ಮೇಜಿನ ಮೇಲೆ ಬಿಸಾಡಿ, ಕೈಕಾಲು ತೊಳೆಯಲು ಹೋದೆ.

ತಿರುಗಿ ಬಂದರೆ ಅಮ್ಮ ಮಗುವನ್ನು ಎತ್ತಿಕೊಂಡು ಎದುರಿಗೆ ನಿಂತಿದ್ದಾಳೆ. ಮಗು ನಿದ್ದೆಯಲ್ಲಿದ್ದ, ಕತ್ತಿನವರೆಗೂ ಬಟ್ಟೆ ಸುತ್ತಿತ್ತು. "ತಗೋ" ಎಂದಳು. "ತಗೊಳ್ಳೇ, ನಾನೇ ಕೊಡ್ತಿದ್ದೀನಿ."

ನನಗೆ ಬೇಕಿದ್ದದ್ದು ಇದೇ. ತೆಗೆದುಕೊಳ್ಳುವ ಮೊದಲು ಒಂದು ಬೆರಳನ್ನು ಅವನ ಮೂಗಿನ ಕೆಳಗೆ ಹಿಡಿದೆ. ಅಮ್ಮನ ಕಣ್ಣೆದುರಿಗೇ, ಅವಳನ್ನೇ ನೋಡುತ್ತ ಹಿಡಿದೆ. ಬೆರಳಿಗೆ ಬಿಸಿ ತಾಗಿತು.

"ಉಸಿರಿದೆ" ಎಂದು ಹೇಳಿ ಮಗುವನ್ನು ಎತ್ತಿಕೊಂಡೆ. ಅಮ್ಮ ಗೋಡೆ ಹಿಡಿದುಕೊಂಡು ಕೆಳಗೆ ಕೂತಳು.