ಅಬು ಹಾಬಿಸ್ ಕೊಟ್ಟ ಮುಖ

ಇಟ್ಟೇಬಿಟ್ಟ, ಒಂದು ಗುಟುಕೂ ಕುಡಿಯದೆ, ಬಾಗಿಲ ಸಂದಿಯಲ್ಲಿ ನನಗೆ ಕಾಣುವುದು ಅಷ್ಟೇ, ಜಮಖಾನದ ಅಂಚು, ಅದರ ಮೇಲೊಂದು ಪುಟ್ಟ ಕಾಫಿ ಬಟ್ಟಲು, ಅದನ್ನಿಟ್ಟು ಹಿಂದೆ ಸರಿದ ಮುದಿ ಕೈ, ಹಸಿರು ಕಲ್ಲಿನ ಉಂಗುರ ನೋಡಿದರೆ ಅವ್ವಾದನದೇ, ನನ್ನ ಗಂಡನ ಚಿಕ್ಕಪ್ಪ — ಕೇಳಿದ್ದು ಕೊಡೋ ತನಕ ಮುಟ್ಟಲ್ಲ ಕಣೇ ಅನ್ನುತ್ತಾಳೆ ಈ ಮನೆಯೊಡತಿ ಉಮ್ಮ್ ಹಾಬಿಸ್ ನನ್ನ ಕಿವಿಯಲ್ಲಿ, ಅವಳ ಉಸಿರಲ್ಲೂ ಏಲಕ್ಕಿ, ನನಗೇನು ಗೊತ್ತಿಲ್ಲವೇ, ಈ ಅರಬ್ ನಾಡಿನ ಕರಕ್ ಊರಲ್ಲಿ ಎಷ್ಟು ಮದುವೆ ಎಷ್ಟು ಜಗಳ ಹೀಗೇ ಆರುವ ಕಾಫಿಯ ಮುಂದೆ ತೀರ್ಮಾನವಾಗಿದ್ದನ್ನು ಇಂಥ ಸಂದಿಗಳಿಂದಲೇ ನೋಡಿದ್ದೇನೆ, ಇವತ್ತು ಅವರು ಕೇಳಲು ಬಂದಿರುವುದು ನನ್ನನ್ನು. ಇಲ್ಲಿ ಮುನಿಸಿಕೊಂಡ ಹೆಂಡತಿ ತವರಿಗೆ ಹೋಗುತ್ತಾಳೆ, ಗಂಡನ ಕಡೆಯ ಹಿರಿಯರು ಬಂದು ಬೇಡುತ್ತಾರೆ, ಅವಳ ಅಪ್ಪ ಮೀಸೆ ತಿರುವಿ ಷರತ್ತು ಹಾಕುತ್ತಾನೆ, ಆಮೇಲೆ ಕಾಫಿ, ಆಮೇಲೆ ಮನೆ — ನನ್ನ ತವರು ಸಮುದ್ರದಾಚೆ ಲ್ಯೂವಾರ್ಡನ್ನಿನಲ್ಲಿ, ಅಪ್ಪ ಮಣ್ಣಲ್ಲಿ, ಅಮ್ಮ ಆಸ್ಪತ್ರೆಯಲ್ಲಿ, ಮುನಿಸಿಕೊಂಡರೆ ನಾನೆಲ್ಲಿಗೆ ಹೋಗಲಿ, ಮಗಳು ದೀಮಾಳನ್ನು ಸೊಂಟಕ್ಕೇರಿಸಿಕೊಂಡು ಎದುರುಮನೆ ಬಾಗಿಲು ಬಡಿದೆ, ಅಬು ಹಾಬಿಸ್ ಬಂದವರು ಮಗುವಿನ ಅಳು ನೋಡಿದರು, ನನ್ನ ಬರಿಗಾಲು ನೋಡಿದರು, ಏನಾಯ್ತು ಅಂತಲೂ ಕೇಳಲಿಲ್ಲ, ಒಳಗೆ ಬಾ ಮಗಳೇ, ಇವತ್ತಿಂದ ಇದೇ ನಿನ್ನ ತವರು ಅಂದರು. ಅವತ್ತು ಅತ್ತಷ್ಟು ನಾನು ಅಪ್ಪ ಸತ್ತಾಗಲೂ ಅತ್ತಿರಲಿಲ್ಲ.

ಹೊರಗೆ ನಗು, ಅವ್ವಾದನ ಕುಹಕ, ಅಲ್ಲಯ್ಯಾ ಅಬು ಹಾಬಿಸ್, ಈ ವಯಸ್ಸಲ್ಲಿ ನಿನಗೊಬ್ಬಳು ಹಳದಿ ಕೂದಲಿನ ಮಗಳು ಹುಟ್ಟಿದ್ದು ನಮಗೆ ಗೊತ್ತೇ ಆಗ್ಲಿಲ್ಲ, ನಿನ್ನ ಹೆಂಡ್ತಿಗಾದ್ರೂ ಗೊತ್ತಾ — ಉಮ್ಮ್ ಹಾಬಿಸ್ ಗೊಣಗುತ್ತಾಳೆ, ಮುದುಕಂಗೆ ಹಲ್ಲು ಉದುರಿದ್ರೂ ನಾಲಗೆ ಉದುರಲಿಲ್ಲ — ಎಲ್ಲರೂ ನಗುತ್ತಾರೆ, ನನ್ನ ಗಂಡ ಘಾಲಿಬ್ ನಗುವುದಿಲ್ಲ, ಅವನ ಕೆಮ್ಮು ನನಗೆ ಗೊತ್ತು, ಹೆದರಿದಾಗಿನ ಕೆಮ್ಮು. ನಮ್ಮೂರಿಗೆ ಓದಲು ಬಂದಾಗ ನನ್ನ ಸೈಕಲ್ಲಿನ ಹಿಂದೆ ಕೂತು ಕಾಲುವೆಯುದ್ದಕ್ಕೂ ಹಾಡುತ್ತಿದ್ದವನು, ಇಲ್ಲಿಗೆ ಬಂದ ಮೇಲೆ ಕೆಟ್ಟವನಾದನೇ, ಇಲ್ಲ, ಕೆಟ್ಟವನಾಗಿದ್ದರೆ ಸುಲಭವಿತ್ತು, ಅಮ್ಮನಿಗೆ ಇನ್ನು ಹೆಚ್ಚು ದಿನವಿಲ್ಲ ಅಂದಾಗ ನನ್ನ ತಲೆ ಸವರಿದ, ಹೋಗಿ ಬಾ ಅಂದ, ಮಗು ಇಲ್ಲೇ ಇರ್ಲಿ ಅಂದ. ಅಮ್ಮ ಮೊಮ್ಮಗಳನ್ನು ಒಮ್ಮೆಯೂ ಮುಟ್ಟಿಲ್ಲ ಅಂದೆ. ನೀನು ಅವಳನ್ನ ಕರ್ಕೊಂಡು ಹೋದ್ರೆ ವಾಪಸ್ ಬರಲ್ಲ ಮಾರ್ಲಿಸ್, ನಂಗೊತ್ತು, ಅದಕ್ಕೇ ದೀಮಾ ಗಡಿ ದಾಟದ ಹಾಗೆ ತಡೆ ಹಾಕಿಸಿದ್ದೀನಿ ಅಂದ, ಅಪ್ಪನಾದವನು ಕೇಳಿದರೆ ಇಲ್ಲಿ ಕೋರ್ಟಿನವರು ಹಾಕುತ್ತಾರೆ. ನಾನು ತಟ್ಟೆ ಎಸೆದೆ, ಬೀದಿಗೆ ಕೇಳುವ ಹಾಗೆ ಕೂಗಿದೆ, ಇಷ್ಟು ವರ್ಷ ಬಾಳಿದವಳ ಮೇಲೆ ಅನುಮಾನವೇ ಅಂತ — ಎಂಥ ನಾಟಕ ನನ್ನದು, ಅನುಮಾನವೇನು ಬಂತು, ಅವನು ಹೇಳಿದ್ದು ನಿಜ, ತಂಗಿ ಹನ್ನೆಕೆ ಫೋನಿನಲ್ಲಿ ಮಗೂನ ಕರ್ಕೊಂಡು ಬಂದ್ಬಿಡು, ಒಂದ್ಸಲ ಇಲ್ಲಿಗೆ ಬಂದ್ರೆ ಆಮೇಲೆ ಯಾರು ಏನು ಮಾಡ್ತಾರೆ ಅಂದಳು, ನಾನು ಹೂಂ ಅಂದೆ, ಯೋಚಿಸಲೂ ಇಲ್ಲ, ಹೂಂ.

ಈಗ ಅಬು ಹಾಬಿಸ್ ಮಾತು, ನಿಧಾನ, ನಮ್ಮ ಷರತ್ತು ಒಂದೇ, ತಡೆ ತೆಗೆಸ್ಬೇಕು, ಮಗು ತಾಯಿ ಜೊತೆ ಹೋಗಿ ಅಜ್ಜಿನ ನೋಡ್ಕೊಂಡು ಬರ್ಬೇಕು, ಸಾಯೋರ ಬಾಗಿಲಿಗೆ ಯಾರೂ ಅಡ್ಡ ಇರಬಾರ್ದು ಘಾಲಿಬ್. ಬಟ್ಟಲಿನ ಕಾಫಿ ಆರುತ್ತಿದೆ. ಘಾಲಿಬನ ಕೆಮ್ಮು, ಬರದೇ ಹೋದ್ರೆ, ಚಿಕ್ಕಪ್ಪಾ, ಬರದೇ ಹೋದ್ರೆ ನನ್ನ ಮಗಳನ್ನ ನಂಗೆ ಯಾರು ತಂದ್ಕೊಡ್ತಾರೆ — ಅವನ ದನಿ ಒಡೆಯಿತು — ಬರ್ತಾಳೆ, ಅಬು ಹಾಬಿಸ್ ಅಂದರು, ನನ್ನ ಮುಖ ಕೊಡ್ತೀನಿ. ಅಯ್ಯೋ, ಬೇಡ, ಮುಖ ಮಾತ್ರ ಬೇಡ, ಇಲ್ಲಿ ಮುಖ ಕೊಡುವುದೆಂದರೆ ತನ್ನ ಮಾನವನ್ನೇ ಜಾಮೀನಿಡುವುದು, ಮೇಲಿನ ಬೀದಿಯ ಸುವೈಲಿಮ್ ಹೀಗೇ ಸೋದರಳಿಯನಿಗಾಗಿ ಮುಖ ಕೊಟ್ಟಿದ್ದ, ಆ ಹುಡುಗ ಮಾತು ಮುರಿದು ಓಡಿಹೋದ, ಸುವೈಲಿಮನನ್ನು ಯಾರೂ ಬೈಯಲಿಲ್ಲ, ಮದುವೆ ಮನೆಯಲ್ಲಿ ಕಾಫಿ ಸುರಿಯುವವನು ಅವನನ್ನು ದಾಟಿ ಪಕ್ಕದವನಿಗೆ ಸುರಿದ ಅಷ್ಟೇ, ಎಲ್ಲ ಮದುವೆಯಲ್ಲೂ ದಾಟಿದರು, ಕೊನೆಗೆ ಮುದುಕ ಊರನ್ನೇ ಬಿಟ್ಟ. ಘಾಲಿಬ್ ಹೇಳುತ್ತಿದ್ದಾನೆ, ನಿಮ್ಮ ಮುಖಕ್ಕಿಂತ ಹೆಚ್ಚೇನು ಬೇಕು, ನಾಳೆನೇ ತೆಗೆಸ್ತೀನಿ.

ತಡೀರಿ, ನನ್ನ ಮಗಳನ್ನೂ ಒಂದು ಮಾತು ಕೇಳ್ಬೇಕು, ಅಬು ಹಾಬಿಸ್ ಬಾಗಿಲ ಕಡೆ ತಿರುಗಿ, ದೀಮಾಳ ಅಮ್ಮಾ, ನನ್ನ ಮುಖದ ಮೇಲೆ ಹೋಗಿ ಬರ್ತೀಯ ತಾನೇ — ಹೂಂ ಅನ್ನು, ಅಮ್ಮ ಕಾಯುತ್ತಿದ್ದಾಳೆ, ಹೂಂ ಅಂದರೆ ಸುಳ್ಳು, ಇಲ್ಲ ಅನ್ನು, ನಂಬಬೇಡಿ ಅನ್ನು, ಹಾಗಂದರೆ ದೀಮಾ ಇಲ್ಲೇ, ಅಮ್ಮ ಅಲ್ಲೇ, ಘಾಲಿಬ್ ಇನ್ನೆಂದೂ ನನ್ನನ್ನು ನಂಬಿ ಕಣ್ಣು ಮುಚ್ಚುವುದಿಲ್ಲ, ಅತ್ತ ದರಿ ಇತ್ತ ಪುಲಿ, ಬಾಯಿ ತೆರೆದಿದ್ದೇನೆ, ಉಮ್ಮ್ ಹಾಬಿಸ್ ಮೊಣಕೈಯಿಂದ ತಿವಿಯುತ್ತಾಳೆ, ಇಲ್ಲ ಅನ್ನಬೇಕು, ಈಗಲೇ, ಈಗ — ಸುಮ್ಮನಿದ್ದಾಳಲ್ಲ, ಒಪ್ಪಿದ್ಲು ಅಂತ್ಲೇ, ಅವ್ವಾದನ ದನಿ, ಹೆಣ್ಣು ಒಪ್ಪೋದೇ ಹಾಗೆ, ಅಂತೂ ನಮ್ಮ ಸೊಸೆ ನಮ್ಮ ರೀತಿ ಕಲಿತಳಪ್ಪಾ. ನನ್ನ ನಿಕಾಹ್ ದಿನ ನಾನು ಗಟ್ಟಿಯಾಗಿ ಹೌದು ಅಂದಿದ್ದಕ್ಕೆ ಘಾಲಿಬನ ಅತ್ತೆಯಂದಿರೆಲ್ಲ ಬಾಯಿಗೆ ಮುಸುಕಿನ ಅಂಚಿಟ್ಟು ನಕ್ಕಿದ್ದರು, ಸುಮ್ಮನಿದ್ರೆ ಸಾಕಿತ್ತಲ್ಲೇ ಹುಡುಗಿ ಅಂತ — ಅಲ್ಲ, ಇದು ಆ ಮೌನವಲ್ಲ, ನಿಲ್ಲಿಸಿ, ಆ ಕೈ ಬಂತು, ಹಸಿರು ಕಲ್ಲು, ಬಟ್ಟಲು ಮೇಲಕ್ಕೆ ಹೋಯಿತು, ಸೊರ್ ಅಂತ ಒಂದು ಸದ್ದು, ಇನ್ನೊಂದು, ಎಲ್ಲರೂ ಕುಡಿಯುತ್ತಿದ್ದಾರೆ, ಉಮ್ಮ್ ಹಾಬಿಸ್ ಶುಭಕ್ಕೆಂದು ನಾಲಗೆ ಹೊರಳಿಸಿ ಕೇಕೆ ಹಾಕುತ್ತಿದ್ದಾಳೆ, ಮುಗಿಯಿತು, ನಾನು ಗೆದ್ದೆ, ಮಗುವಿನ ಜೊತೆ ಅಮ್ಮನ ಹತ್ತಿರ ಹೋಗುತ್ತೇನೆ, ಸಂತೋಷಪಡಬೇಕು, ಬಾಗಿಲು ತೆರೆಯಿತು, ಅಬು ಹಾಬಿಸ್ ನಿಂತಿದ್ದಾರೆ, ಹೋಗಿ ಬಾ ಮಗಳೇ, ನಿಮ್ಮಮ್ಮಂಗೆ ನಮ್ಮ ಸಲಾಂ ಹೇಳು ಅನ್ನುತ್ತಿದ್ದಾರೆ, ಕ್ಷೌರ ಮಾಡಿಸಿಕೊಂಡು ಬಂದಿದ್ದಾರೆ ಇವತ್ತು, ನನಗಾಗಿ, ಗದ್ದದಲ್ಲೊಂದು ಸಣ್ಣ ಗಾಯ, ಅಮ್ಮನನ್ನು ನೆನೆಯಬೇಕು, ಅಮ್ಮನ ಕಣ್ಣು ಹೇಗಿತ್ತು, ನೆನಪಿಗೆ ಬರುತ್ತಿಲ್ಲ, ಹನ್ನೆಕೆಯೂ ಬರುತ್ತಿಲ್ಲ, ಕಣ್ಣು ಮುಚ್ಚಿದರೂ ಇದೇ, ನಗುತ್ತಿರುವ, ಗದ್ದ ಕುಯ್ದುಕೊಂಡ, ಈ ಮುಖ, ಈ ಮುಖ