ಬೇಟೆ ನುಸಿಗೆ ಚರಗ

ಸ್ನೇಹಲತಾ ತಾರಸಿಯಲ್ಲಿ ನುಸಿ ಸಾಕುತ್ತಾಳೆಂದರೆ ಹಿಮಾಯತ್‌ನಗರದ ಆ ಗಲ್ಲಿಯವರೆಲ್ಲ ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ, ಅವಳಿಗೆ ಪುರಸೊತ್ತಿರಲಿಲ್ಲ. ಕುಂಡಗಳ ಹುರುಳಿಕಾಯಿ ಗಿಡದಲ್ಲಿ ಎಲೆಯ ರಸ ಹೀರುವ ಕೆಂಪು ನುಸಿ. ಪಕ್ಕದ ಡಬ್ಬಿಗಳಲ್ಲಿ ಅದನ್ನೇ ತಿಂದು ಬೆಳೆಯುವ ಬೇಟೆ ನುಸಿ. ಈ ಬೇಟೆಗಾರರನ್ನು ಹೊಟ್ಟಿನಲ್ಲಿ ಬೆರೆಸಿ ಕೊಡಗಿನ ಪೂವಯ್ಯನವರ ಕಾಫಿ ತೋಟಕ್ಕೆ ಕಳಿಸಬೇಕಿತ್ತು. ಅಲ್ಲಿ ಕೆಂಪು ನುಸಿಯ ಕಾಟಕ್ಕೆ ಕಾಫಿ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದವು.

"ಸೋಮವಾರದವರೆಗೆ ಕಾಯ್ತೀನಿ ಮೇಡಂ. ಆಮೇಲೆ ಔಷಧಿ ಹೊಡೆಸೋದೇ" ಎಂದಿದ್ದರು ಪೂವಯ್ಯ. ಔಷಧಿ ಬಿದ್ದರೆ ಬೇಟೆ ನುಸಿಗೂ ಅಲ್ಲಿ ಉಳಿಗಾಲವಿಲ್ಲ. ಅವಳನ್ನು ನಂಬಿ ಒಪ್ಪಿದ್ದ ತೋಟದವರು ಅವರೊಬ್ಬರೇ.

ಎಳ್ಳಮಾವಾಸ್ಯೆಯ ದಿನ ಹೊಟ್ಟಿನ ಚೀಲ ಹೊತ್ತು ತಾರಸಿ ಹತ್ತಿದವಳು ಚೀಲವನ್ನು ಅಲ್ಲೇ ಕೆಳಗಿಳಿಸಿದಳು. ಹುರುಳಿಕಾಯಿ ಗಿಡಗಳೆಲ್ಲ ಮಿಂದು ನಿಂತಿದ್ದವು. ಕುಂಡಗಳಿಗೆ ಕುಂಕುಮ, ಮುಂದೆ ಸಜ್ಜೆ ರೊಟ್ಟಿ, ಭಜ್ಜಿ. ಅತ್ತೆ ಗುರುಬಾಯಿ ಹಿಗ್ಗಿನಿಂದ ನಗುತ್ತಿದ್ದಳು.

"ಊರಾಗಿದ್ರ ಇವತ್ತು ಹೊಲಕ್ಕ ಹೋಗಿ ಪೈರಿಗೆ ಎಡಿ ಹಿಡದು, ಅದೇ ಅಡಗಿ ಹೊಲದ ತುಂಬ ಚರಗ ಅಂತ ಚೆಲ್ಲತಿದ್ವಿ. ಇಲ್ಲಿ ಹೊಲ ಎಲ್ಲಿಂದ ತರಲಿ? ನಿನ್ನ ಗಿಡಾನೇ ಹೊಲ ಅಂದ್ಕೊಂಡೆ. ಹುಳಾ ಹತ್ತಿದ ಗಿಡಕ್ಕ ಪೂಜಿ ಹ್ಯಾಂಗ ಮಾಡ್ಲಿ ಅಂತ ಬೇವಿನ ನೀರಾಗ ತೊಳದೀನಿ ನೋಡು."

"ಅತ್ತೀ, ಆ ಹುಳಾನ ಇವುಗಳ ಊಟ ರೀ! ಇನ್ನ ಹಸದು ಒಂದನ್ನೊಂದು ತಿಂತಾವ."

ಗುರುಬಾಯಿಯ ನಗು ಇಳಿಯಿತು. "ಹಬ್ಬದ ದಿನಾನ ಬಾಯಿಲ್ಲದ ಜೀವದ ತಾಟು ಕಸಕೊಂಡ್ನೇನ, ಯವ್ವಾ?"

ಸ್ನೇಹಲತಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಇರುವುದನ್ನೇ ಬಾಟಲಿಗೆ ತುಂಬಿ ಕಳಿಸಿಬಿಟ್ಟರೆ? ಹೊಟ್ಟಿನೊಳಗೆ ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ಯಾರಿಗೆ ಕಾಣುತ್ತದೆ? ತನಗೆ ಕಾಣುತ್ತದೆ, ಅಷ್ಟೇ ಸಾಕಿತ್ತು. ಸೆರಗು ಸಿಕ್ಕಿಸಿದಳು. "ನಡೀರಿ ಅತ್ತಿ, ರೋಗ ಹತ್ತಿದ ಗಿಡ ಹುಡಕೂಣು."

ಗಲ್ಲಿಯ ಬಾಗಿಲು ಬಾಗಿಲು ತಟ್ಟಿ, ಅರೆಬರೆ ತೆಲುಗಿನಲ್ಲಿ ನುಸಿ ಹತ್ತಿದ ಗಿಡ ಕೇಳುತ್ತ ಹೋದರು. ಒಬ್ಬಾಕೆ ತನ್ನ ಗುಲಾಬಿಗೆ ರೋಗವೆಂದದ್ದಕ್ಕೆ ಉರಿದುಬಿದ್ದು ಬಾಗಿಲು ಹಾಕಿಕೊಂಡಳು. ಇನ್ನೊಬ್ಬರು ಮೊನ್ನೆಯಷ್ಟೇ ಔಷಧಿ ಹೊಡೆದಿದ್ದರು. ಕಾಲು ನೋಯುತ್ತಿದ್ದರೂ ಗುರುಬಾಯಿ ಮನೆಗೆ ಹೋಗೋಣವೆನ್ನಲಿಲ್ಲ. ಕೊನೆಗೆ ಅಮೀರ್‌ಪೇಟ್‌ನ ಒಂದು ಹಾಸ್ಟೆಲ್‌ನ ತಾರಸಿಯಲ್ಲಿ, ಯಾರೂ ತಿರುಗಿ ನೋಡದ ಬದನೆ ಗಿಡಗಳು ಸಿಕ್ಕವು. ಎಲೆಯಡಿ ಬಲೆ, ಬಲೆಯ ತುಂಬ ಕೆಂಪು ನುಸಿ. ಭೂತಗನ್ನಡಿ ಹಿಡಿದ ಸ್ನೇಹಲತಾ ಕುಣಿದಾಡುವಂತಾದಳು. "ಅತ್ತೀ, ಭಾಳ ಕೆಟ್ಟಾವ್ರೀ ಗಿಡಾ!"

ಕುಂಡಗಳು ಆಟೋ ಏರಿದವು. ಎಲೆಗಳನ್ನು ಒಂದೊಂದಾಗಿ ಡಬ್ಬಿಗೆ ಬಡಿಸಿದ್ದು ಗುರುಬಾಯಿಯೇ. "ಉಣ್ರೆಪ್ಪಾ, ತಪ್ಪಾತು" ಎನ್ನುತ್ತಿದ್ದಳು.

ಶನಿವಾರ ಸಿಕಂದರಾಬಾದ್‌ನಿಂದ ಬೇಟೆ ನುಸಿ ತುಂಬಿದ ಬಾಟಲಿಗಳು ರೈಲಿನಲ್ಲಿ ಹೊರಟವು. ಸೋಮವಾರ ಪೂವಯ್ಯ ವಿಡಿಯೋ ಕಾಲ್ ಮಾಡಿದರು. ಅವರ ಬೆನ್ನ ಹಿಂದೆ ಔಷಧಿಯ ಡ್ರಮ್ ಸಿದ್ಧವಾಗಿ ನಿಂತಿತ್ತು. ಆಳು ಬಾಟಲಿಯನ್ನು ಒಂದೇ ಗಿಡದ ಬುಡಕ್ಕೆ ಬಗ್ಗಿಸತೊಡಗಿದ್ದ.

ಸ್ನೇಹಲತಾ ಬಾಯಿ ತೆರೆಯುವ ಮೊದಲೇ ಗುರುಬಾಯಿ ಫೋನು ಕಸಿದುಕೊಂಡಳು. "ಏ ತಮ್ಮಾ, ಒಂದ ಕಡಿ ಸುರೀಬ್ಯಾಡ! ಎಲಿ ಮ್ಯಾಲ ಚೆಲ್ಲು, ಹಿಂಗ!" ಬರಿಗೈಯನ್ನು ತಾರಸಿಯ ಗಾಳಿಯಲ್ಲಿ ಬೀಸಿ ಬೀಸಿ ತೋರಿಸಿದಳು. ಅಲ್ಲಿ ಆಳೂ ಅವಳಂತೆಯೇ ಕೈ ಬೀಸಿದ. ಹೊಟ್ಟು ಸಾಲು ಸಾಲು ಎಲೆಗಳ ಮೇಲೆ ಹರಡಿತು.

ಪೂವಯ್ಯ ಭೂತಗನ್ನಡಿ ಹಿಡಿದು ಒಂದು ಎಲೆಯ ಮೇಲೆ ಬಹಳ ಹೊತ್ತು ಬಗ್ಗಿದ್ದರು. "ಹಿಡೀತು ಮೇಡಂ! ಒಂದು ಕೆಂಪಿನದನ್ನ ಹಿಡಿದೇಬಿಡ್ತು!" ಆಮೇಲೆ ಹಿಂದಕ್ಕೆ ತಿರುಗಿ ಕೂಗಿದರು. "ಲೋ, ಡ್ರಮ್ ಒಳಗಿಡ್ರೋ."

ಸ್ನೇಹಲತಾಳ ಕಣ್ಣು ತುಂಬಿತು. ಗುರುಬಾಯಿ ಇನ್ನೂ ಫೋನು ಬಿಟ್ಟಿರಲಿಲ್ಲ. ಪರದೆಯ ತುಂಬ ಕಾಫಿ ಗಿಡಗಳನ್ನೇ ನೋಡುತ್ತಿದ್ದಳು.

"ಈ ವರ್ಷ ಚರಗ ತಪ್ಪಲಿಲ್ಲ ನೋಡು, ಯವ್ವಾ" ಎಂದಳು.